ಅಜ್ಜನ ಮಾರಿಸ್ ಮೈನರ್ ಮಾರೂದದ, ಅರ್ಧಾ ಕೆಲಸ ಆಗೇದ. ಎಷ್ಟಕ್ಕ ಹೇಳಲಿ?

ಮಾಳಮಡ್ಡಿ ಮೊಮ್ಮಗ · ಧಾರವಾಡ

ಎಲ್ಲಾರಿಗೂ ನಮಸ್ಕಾರ. ಭಾಳ ದಿವಸದಿಂದ ಸುಮ್ಮನ ಓದಕೋತ ಕೂತಾಂವ ನಾ, ಬರಿಯೂದು ಇದೇ ಮೊದಲು.

ನಮ್ಮ ಅಜ್ಜಂದು 1954ರ ಮಾರಿಸ್ ಮೈನರ್ ಕಾರು ಅದ. ಸೀರೀಸ್ ಟೂ, ಎರಡು ಬಾಗಲದ್ದು, ಮುಂದಿನ ಗಾಜಿಗೆ ನಡಬರಕ ಪಟ್ಟಿ ಇದ್ದು ಎರಡು ತುಂಡಿನದು. ಮುಖ್ಯ ಅಂದ್ರ ಕನ್ವರ್ಟಿಬಲ್. ಮ್ಯಾಲೆ ಟಪ್ ಇಲ್ಲ, ಕ್ಯಾನ್ವಾಸ್ ಹುಡ್ ಹಾಕೂದು, ತಗಿಯೂದು. ಅಜ್ಜ ಡಾಕ್ಟರ್ ಇದ್ರು, ಇದರಾಗೇ ಕೂತು ಅಳ್ನಾವರ, ಕಲಘಟಗಿ ತನಕಾ ಪೇಶಂಟ್ ನೋಡಲಿಕ್ಕೆ ಹೋಗತಿದ್ರು. 1991ಕ್ಕ ನಿಂತ ಗಾಡಿ. 2019ರಾಗ ನಾ ಕೈ ಹಚ್ಚಿದೆ.

803 ಸಿಸಿ ಎಂಜಿನ್ ಪೂರಾ ಬಿಚ್ಚಿ ಬೋರ್ ಹೊಡಿಸೇನಿ. ಪಿಸ್ಟನ್, ರಿಂಗ್, ವಾಲ್ವ್ ಎಲ್ಲಾ ಹೊಸಾವು. ಸೆಲ್ಫಿನ ಗುಂಡಿ ಎಳದ್ರ ಎರಡನೇ ಸುತ್ತಿಗೆ ಹತ್ತಿಕೋತದ. ವೈರಿಂಗ್ ಹೊಸಾದು. ಟಿಂಕರಿಂಗ್, ಪೇಂಟ್ ಆಗೇದ, ತಿಳಿ ಹಸರು, ಕನ್ನಡಿ ಹಂಗ ಹೊಳೀತದ. ಉಳದದ್ದು ಬ್ರೇಕು, ಸೀಟು, ಬಾಗಲದ ಒಳಗಿನ ಹೊದಿಕಿ, ಹುಡ್ಡು. ಹುಡ್ಡಿನ ಕಬ್ಬಿಣದ ಕಮಾನು ಎರಡು ಅವ, ಬಟ್ಟಿ ಇಲ್ಲ. ಇಲ್ಲೀ ತನಕಾ ಖರ್ಚು 3,80,000, ಚೀಟಿ ಸಮೇತ ಲೆಕ್ಕ ಅದ.

ಈಗ ಮನಿ ಮಾರತೇವಿ, ನಾ ಪುಣೆಕ್ಕ ಹೊಂಟೇನಿ, ಅಲ್ಲಿ ಮೂರನೇ ಮಜಲಿನ ಫ್ಲ್ಯಾಟು. 9 ಲಕ್ಷ ಹೇಳಬೇಕಂತ ಮಾಡೇನಿ. ಹೋದ ವಾರ ಒಬ್ಬ ಬಂದು, ಸುತ್ತ ಎರಡು ಸಲ ತಿರಗಿ, ಎರಡೂವರಿ ಅಂದು ಚಹಾ ಕುಡದು ಹೋದ. ಮೈ ಉರದ ಹೋತು. ತಿಳದವರು ಹೇಳ್ರಿ.

ಸಿಲಿಕಾನ್ ಸವಾರ · ಬೆಂಗಳೂರು

ಸಾರ್, ಎರಡೂವರೆಗೆಲ್ಲ ಕೊಡಲೇಬೇಡಿ! ಕನ್ವರ್ಟಿಬಲ್ ಮೈನರ್ ಅಂದ್ರೆ ಸುಮ್ನೇನಾ? ಅದೂ ಒಂದೇ ಮನೆತನದ ಗಾಡಿ, ಅಜ್ಜನ ಕಥೆ ಬೇರೆ. 9 ನನ್ನ ಪ್ರಕಾರ ಕಡಿಮೆನೇ. ಬೆಳಗ್ಗೆ ಆರು ಗಂಟೆಗೆ ಕೆಲಗೇರಿ ಕೆರೆ ಹತ್ರ ನಿಲ್ಲಿಸಿ ನಾಲ್ಕು ಫೋಟೋ ತೆಗೀರಿ, ಹಿಂದೆ ಮಂಜು ಬರಲಿ. ಗೋವಾದಲ್ಲಿ ಇಂಥವಕ್ಕೆ ಮುಗಿಬೀಳ್ತಾರೆ.

ಗೋಕುಲ ರೋಡ್ ಪಾನಾ · ಹುಬ್ಬಳ್ಳಿ

ಕೆರಿ ದಂಡ್ಯಾಗಿನ ಫೋಟೋ ಮದುವಿ ಆಲ್ಬಮ್ಮಿಗೆ ಇರಲಿ. ನನಗ ಬ್ಯಾರೆ ಫೋಟೋ ಬೇಕು.

ಬಾನೆಟ್ ಎತ್ತಿದ್ರ ಎಂಜಿನ್ ಹಿಂದಿನ ಗ್ವಾಡಿಗೆ ಒಂದು ಸಣ್ಣ ತಗಡಿನ ಪಟ್ಟಿ ಇರತೈತಿ, ಚಾಸಿ ನಂಬರಿಂದು. ಅದರ ಮೊದಲನೇ ಮೂರು ಅಕ್ಷರ ಓದಿ ಹೇಳ್ರಿ. ಡ್ರೈವರ್ ಕಾಲ ಬುಡದ ಮ್ಯಾಟ್ ಎತ್ತಿ ಕೆಳಗಿನ ನೆಲದ್ದೊಂದು ಫೋಟೋ. ಬಾಗಲಾ ಮುಚ್ಚಿದಾಗ ಹಿಂದಿನ ಕಂಬಕ್ಕೂ ಬಾಗಲಕ್ಕೂ ನಡುವಿನ ಸಂದಿದೊಂದು, ಮ್ಯಾಲಿಂದ ಕೆಳಗಿನ ತನಕಾ ಕಾಣಬೇಕು. ಆಮ್ಯಾಲೆ ಬಾಗಲದ ಕೆಳಗ ಉದ್ದಕ್ಕ ಹೋಗೋ ಪೆಟ್ಟಿಗಿ ಐತಲ್ಲ, ಸಿಲ್ ಅಂತೀವಿ, ಅದಕ್ಕ ಒಂದು ಮ್ಯಾಗ್ನೆಟ್ಟು ಅರಿವ್ಯಾಗ ಸುತ್ತಿ ಉದ್ದಕ ಎಳೀರಿ. ಎಲ್ಲಿ ಹಿಡಿಯಾಂಗಿಲ್ಲೋ ಅಲ್ಲಿ ಕಬ್ಬಿಣ ಇಲ್ಲ, ತೂತು ಮುಚ್ಚಲಿಕ್ಕೆ ಪುಟ್ಟಿ ಲಪ್ಪ ಮೆತ್ತ್ಯಾರ ಅಂತ ತಿಳಕೋರಿ.

ಎಂಜಿನ್ನಿಂದ ಮೈನರ್ ಸಾಯಾಂಗಿಲ್ರಿ. ಅದು ಎ-ಸೀರೀಸ್ ಎಂಜಿನ್ನು, ಗುಂಡಕಲ್ಲು. ಮೈನರ್ ಸಾಯೂದು ನೆಲದಿಂದ. ಇದಕ್ಕ ಜೀಪಿನ ಹಂಗ ಕೆಳಗ ಚಾಸಿ ಅಂತ ಬ್ಯಾರೆ ಕಬ್ಬಿಣದ ಚೌಕಟ್ಟು ಇಲ್ಲ. ನೆಲ, ಸಿಲ್ಲು, ಟಪ್ಪು ಎಲ್ಲಾ ಕೂಡೇ ಒಂದು ಡಬ್ಬಿ. ಟಪ್ ಇಲ್ಲದ ಗಾಡ್ಯಾಗ ಆ ಭಾರ ಅಷ್ಟೂ ಸಿಲ್ಲು ಹೊರಬೇಕು.

ಬೆಟಗೇರಿ ಬೋಲ್ಟು · ಗದಗ

ಹೊಸಾ ವೈರಿಂಗ್ ಅಂದ್ರಿ. ಗಾಡಿ ತಗಡಿಗೆ ಬ್ಯಾಟರಿದು ಪ್ಲಸ್ ಕೊಟ್ಟಾರೋ, ಮೈನಸ್ ಕೊಟ್ಟಾರೋ? ಈ ಗಾಡಿಗೆ ಪ್ಲಸ್ಸೇ ಅರ್ಥ್. ಈಗಿನ ಹುಡುಗರು ಬುಲೆಟ್ಟು, ಮಾರುತಿ ರೂಢಿ ಇದ್ದವರು ನೋಡದ ಮೈನಸ್ ಕಟ್ಟಿಬಿಡ್ತಾರ. ಡೈನಮೊ ಉಲ್ಟಾ ಚಾರ್ಜ್ ಮಾಡಕೋತ ಕೂಡತೈತಿ. ನಮ್ಮ ಕಾಕಾನ ಗಾಡಿಗೆ ಹಿಂಗಾಗಿ ಎರಡು ಬ್ಯಾಟರಿ ಹೋದ್ವು.

ಸಾಧನಕೇರಿ ಅಕ್ಕ

ಧಾರವಾಡದ ಜಿಟಿಜಿಟಿ ಮಳಿಯೊಳಗ ಹುಡ್ಡಿಲ್ಲದ ಗಾಡಿ ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿ ತಮ್ಮಾ? ಜೂನಿನಾಗ ನಮ್ಮ ಕಪಾಟಿನಾಗಿನ ಇಳಕಲ್ ಸೀರಿಗೇ ಬೂಸ್ಟು ಬರತದ. ತಾಡಪಾಲ ಹೊಚ್ಚಿಟ್ಟಿದ್ರ ಇನ್ನೂ ಕೆಟ್ಟದ್ದು, ಒಳಗಿನ ಆವಿ ಒಳಗೇ.

ಮಾಳಮಡ್ಡಿ ಮೊಮ್ಮಗ

ಅಕ್ಕಾ, ತಾಡಪಾಲನೇ. ಏನು ಹೇಳಲಿ.

ಪಾನಾ ಅವರೇ, ನೀವು ಹೇಳಿದಂಗ ಮಾಡಿದೆ. ಫ್ರಿಜ್ಜಿಗೆ ಹಚ್ಚಿದ್ದ ಗಣಪತಿ ಮ್ಯಾಗ್ನೆಟ್ ಕಿತ್ತಿ, ಅಮ್ಮನ ಹಳೇ ಜಂಪರಿನ ಅರಿವಿಯೊಳಗ ಸುತ್ತಿ ಎಳದೆ. ಬಲಗಡೆ ಮೊದಲಿನ ಒಂದು ಗೇಣು ಹಿಡೀತು. ಅಲ್ಲಿಂದ ಮುಂದ ಗಣಪತಿ ಜಾರಿ ನೆಲಕ್ಕ ಬಿದ್ದ. ಮತ್ತ ಹಚ್ಚಿದೆ, ಮತ್ತ ಬಿದ್ದ. ಹಿಂದಿನ ಗಾಲಿ ಸಮೀಪ ಬಂದಾಗ ಮತ್ತ ಹಿಡಕೊಂಡ. ಎಡಗಡೆ ಸ್ವಲ್ಪ ಬರೊಬ್ಬರಿ ಅದ.

ಬಾಗಲದ ಸಂದಿಯೊಳಗ ಕೆಳಗ ಎರಡು ರೂಪಾಯಿ ನಾಣ್ಯ ಎರಡು ಕೂಡೇ ಹೋಗ್ತಾವ. ಮ್ಯಾಲೆ ಒಂದೂ ಹೋಗೂದಿಲ್ಲ, ಪೋಸ್ಟ್‌ಕಾರ್ಡು ತುರುಕಬೇಕು. ಬಲಗಡೆ ಬಾಗಲಾ ಎತ್ತಿ ಹಿಡದು ಮುಚ್ಚಬೇಕಾಗ್ತದ. ಹಳೇ ಗಾಡಿ ಬಾಗಲಾ ಹಿಂಗೇ ಇರತಾವ ಅಂತ ತಿಳಕೊಂಡಿದ್ದೆ. ಪೇಂಟ್ ಮಾಡಿದಾಂವನೂ ಹಂಗೇ ಹೇಳಿದ್ದ.

ಪಟ್ಟಿ ಮ್ಯಾಲಿಂದು ಎಫ್, ಬಿ, ಆಮ್ಯಾಲೆ ಎ. ಮುಂದ 13, ಆಮ್ಯಾಲೆ ನಂಬರು.

ಬೋಲ್ಟು ಅವರೇ, ಗಾಡಿ ತಗಡಿಗೆ ಪ್ಲಸ್ಸೇ ಅದ. ಆ ಒಂದು ಕೆಲಸ ನಾನೇ ನಿಂತು ಮಾಡಿಸಿದ್ದು.

ಗೋಕುಲ ರೋಡ್ ಪಾನಾ

ತಮ್ಮಾ, ಕೂತು ಓದು.

ಆ ಕಾಲದ ಮಾರಿಸ್ ನಂಬರಿನಾಗ ಎಫ್ ಅಂದ್ರ ಮೈನರ್. ಎರಡನೇ ಅಕ್ಷರ ಬಾಡಿ ಯಾವುದಂತ ಹೇಳತೈತಿ. ಎ ಅಂದ್ರ ನಾಲ್ಕು ಬಾಗಲದ್ದು, ಬಿ ಅಂದ್ರ ಎರಡು ಬಾಗಲದ್ದು, ಸಿ ಇದ್ರ ಕನ್ವರ್ಟಿಬಲ್. ಮೂರನೇದು ಬಣ್ಣ, ಎ ಅಂದ್ರ ಕರೀದು. ನಿಂದು ಕರೀ ಬಣ್ಣದ, ಟಪ್ ಇದ್ದ ಎರಡು ಬಾಗಲದ ಮೈನರ್. ಫ್ಯಾಕ್ಟರಿಯಿಂದ ಬಂದಾಗ ಅದರ ತಲೀ ಮ್ಯಾಲೆ ತಗಡು ಇತ್ತು. ಯಾರೋ ಕೊಯ್ದಾರ.

ಕೊಯ್ಯೂದು ದೊಡ್ಡ ತಪ್ಪಂತ ಅಲ್ಲ. ಇಂಗ್ಲೆಂಡಿನಾಗೂ ಭಾಳ ಮಂದಿ ಕೊಯ್ದಾರ. ಆದ್ರ ಕಂಪನಿಯವರು ಕನ್ವರ್ಟಿಬಲ್ ಮಾಡೂವಾಗ ಸಿಲ್ಲಿನೊಳಗ ಹೆಚ್ಚಿಗಿ ಪತ್ರಾ ಕೊಟ್ಟಿರತಾರ, ಡ್ಯಾಶ್‌ಬೋರ್ಡಿನ ಕೆಳಗ ಎರಡೂ ಮೂಲಿಗೆ ತ್ರಿಕೋನದ ಆಸರ ಕೊಟ್ಟಿರತಾರ. ನಿನ್ನ ಗಾಡ್ಯಾಗ ಅವು ಅದಾವೇನು, ಕೈ ಹಾಕಿ ನೋಡು. ಇಲ್ಲಂದ್ರ ಗಾಡಿ ಬರೇ ಸಿಲ್ಲಿನ ಮ್ಯಾಲೆ ನಿಂತೈತಿ, ಆ ಸಿಲ್ಲು ಪುಟ್ಟಿ ಮ್ಯಾಲೆ ನಿಂತೈತಿ. ನಡುವ ಕುಸೀಲಿಕ್ಕ ಹತ್ತೈತಿ, ಅದಕ್ಕೇ ಬಾಗಲಾ ಮ್ಯಾಲೆ ಹಿಡಿಯೂದು. ಪೋಸ್ಟ್‌ಕಾರ್ಡು ಅಂದೆಲ್ಲ, ಅದೇ ಪೋಸ್ಟ್‌ಮಾರ್ಟಮ್ಮು.

ಬ್ಯಾಸರ ಮಾಡಕೋಬ್ಯಾಡ. ಈ ಕಾರು ಹುಟ್ಟಿದ್ದೇ ಕೊಯ್ಸಿಕೊಂಡು. ಡಿಸೈನ್ ಮಾಡಿದಾಂವ ಅಲೆಕ್ ಇಸ್ಸಿಗೋನಿಸ್, ಮುಂದ ಮಿನಿ ಮಾಡಿದಾಂವನೂ ಅಂವನೇ. 1948ಕ್ಕ ಗಾಡಿ ಹೊರಗ ಬರೂಕಿಂತ ಮೊದಲ, ಮಾಡಿಟ್ಟ ನಮೂನಿ ಭಾಳ ಸಣಕಲ ಕಂಡತಂತ ಅದನ್ನ ಉದ್ದಕ ನಡಬರಕ ಕೊಯ್ಸಿ, ಎರಡೂ ಹೋಳು ಆ ಕಡೆ ಈ ಕಡೆ ಸರಿಸಿ ನೋಡಿ, ಕಡೀಕ 4 ಇಂಚು ಅಗಲ ಮಾಡಿದ. ಬಾನೆಟ್ ನಡುವ ಚಪ್ಪಟಿ ಪಟ್ಟಿ ಐತಲ್ಲ, ಅದೇ ಆ 4 ಇಂಚು. ಬಂಪರ್ ಮೊದಲ ತಯಾರಾಗಿ ಬಿಟ್ಟಿದ್ವು, ಅವನ್ನೂ ಕೊಯ್ದು ನಡುವ ತುಂಡು ಕೂಡಿಸಿದ್ರು. 16 ಲಕ್ಷ ಗಾಡಿ ಮಾರಿದ್ರು ಆಮ್ಯಾಲೆ.

ನನ್ನ ಹೊಟ್ಟಿ ಉರಿ ಬ್ಯಾರೆ. ನಿನಗ ಪೇಂಟ್ ಮೊದಲ ಮಾಡಿಕೊಟ್ಟಾಂವ ಯಾರೋ ಇರಲಿ, ಅಂವ ಸಿಲ್ ನೋಡಿ ಸುಮ್ಮನಾಗಿರಬೇಕು. ಮೊದಲ ನೆಲ, ಆಮ್ಯಾಲೆ ಬ್ರೇಕು, ಕಡೀಕ ಬಣ್ಣ. ಈಗ ಸಿಲ್ ವೆಲ್ಡಿಂಗ್ ಮಾಡಿದ್ರ ಆ ಕನ್ನಡಿ ಪೇಂಟು ಸುಟ್ಟು ಹಪ್ಪಳ ಆಗತೈತಿ.

ಸಿಲಿಕಾನ್ ಸವಾರ

ಅಯ್ಯೋ ಬಿಡಿ ಸಾರ್, ಆ ಪಟ್ಟಿ ಯಾರು ನೋಡ್ತಾರೆ? ತಗೊಳ್ಳೋರಿಗೆ ಫೋಟೋ ಬೇಕು, ಭಾನುವಾರ ಒಂದು ರೌಂಡ್ ಬೇಕು. ಕನ್ವರ್ಟಿಬಲ್ ಅಂತಾನೇ ಹಾಕಿ. ಟಾಪ್ ಇಲ್ಲ ತಾನೆ? ಸುಳ್ಳೇನಿದೆ ಅದರಲ್ಲಿ?

ಸಾಧನಕೇರಿ ಅಕ್ಕ

ತಲೀ ಬೋಳಿಸಿಕೊಂಡಾವರೆಲ್ಲ ಸನ್ಯಾಸಿಗಳಾ?

ಬೆಟಗೇರಿ ಬೋಲ್ಟು

😂 ಅಕ್ಕ ಮುಗಿಸಿದ್ರು.

ಸವಾರ ಅವರ, ಭಾನುವಾರದ ರೌಂಡಿಗೆ ಹೋದಾಗ ನಡುರಸ್ತ್ಯಾಗ ಗಾಡಿ ಮುರದು ಬಿದ್ರ ಅವಾಗೂ ಫೋಟೋ ಹಾಕ್ರಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಎಲ್ಲೈತಿ ಗೊತ್ತೇನು? ಡ್ರೈವರ್ ಕಾಲ ಬುಡಕ್ಕ, ನೆಲದ ಕೆಳಗ, ಅದೇ ತುಕ್ಕು ಹಿಡಿಯೋ ಜಾಗಾದಾಗ. ನೆಲದಾಗಿನ ತೂತಿನಿಂದ ಆಯಿಲ್ ಹಾಕಬೇಕು. ಅದಕ್ಕೇ ಬ್ರೇಕ್ ಕೆಲಸ ಯಾವಾಗಲೂ ಬಾಕಿ ಉಳಿಯೂದು, ಯಾರಿಗೂ ಬ್ಯಾಡಾಗಿರತೈತಿ ಅದು.

ಮಾಳಮಡ್ಡಿ ಮೊಮ್ಮಗ

ಎರಡು ದಿವಸ ಬರೀಲಿಲ್ಲ, ಕ್ಷಮಿಸ್ರಿ. ಖರೇ ಹೇಳಬೇಕಂದ್ರ ಸಿಟ್ಟು ಬಂದಿತ್ತು, ಯಾರ ಮ್ಯಾಲೆ ಅಂತ ಗೊತ್ತಾಗಲಿಲ್ಲ.

ಡ್ಯಾಶ್‌ಬೋರ್ಡ್ ಕೆಳಗ ಕೈ ಹಾಕಿ ನೋಡಿದೆ. ತ್ರಿಕೋನ ಇಲ್ಲ, ಏನೂ ಇಲ್ಲ, ಒಂದು ಕಣಜದ ಗೂಡು ಇತ್ತು.

ಆಮ್ಯಾಲೆ ಬೆಳಗಾವಿಯೊಳಗಿರೋ ದೊಡ್ಡ ಅತ್ತಿಗೆ ಫೋನ್ ಹಚ್ಚಿದೆ. ಅಕಿಗೆ ಈಗ ಎಪ್ಪತ್ತಾರು. ಕಾರ್ ಯಾವಾಗಿಂದ ಟಪ್ ಇಲ್ಲ ಅತ್ತ್ಯಾ ಅಂದೆ. ಅಕಿ ನಕ್ಕೋತ ಹೇಳಿದ್ಲು: "ಮಾವಿನ ಟೊಂಗಿ ಬಿತ್ತಲ್ಲೋ." 78ನೇ ಇಸ್ವಿ ಮಳಿಗಾಲದಾಗ ನಮ್ಮ ಅಂಗಳದ ಆಪೂಸ್ ಗಿಡದ ಟೊಂಗಿ ಮುರದು ಸೀದಾ ಕಾರಿನ ಮ್ಯಾಲೆ ಬಿತ್ತಂತ. ಟಪ್ಪು ತಾಟಿನ ಹಂಗ ಒಳಗ ಹೋತು. ಅಜ್ಜ ಒಬ್ಬ ಡಬ್ಬಿ ಬಡಿಯೋ ಕಾರಿಗರನ್ನ ಕರಿಸಿ, "ಇದನ್ನ ನೆಟ್ಟಗ ಮಾಡಬ್ಯಾಡ, ಕೊಯ್ದು ಒಗೆದು ಬಿಡು" ಅಂದ್ರಂತ. ಮುಂದ ಎರಡು ಕಬ್ಬಿಣದ ಕಮಾನು ಬಡಿಸಿ, ಮಿಲ್ಟ್ರಿ ಕ್ಯಾನ್ವಾಸ್ ಹೊಲಿಸಿದ್ರು. ಕೊಯ್ದ ಟಪ್ಪು ಎಮ್ಮಿಗೆ ನೀರು ಕುಡಿಯೋ ತೊಟ್ಟಿ ಆತಂತ.

ಆ ತೊಟ್ಟಿ ನಾ ನೋಡೇನಿ. ಸಣ್ಣಾಂವ ಇದ್ದಾಗ ಅದರಾಗ ಕಾಗದದ ದೋಣಿ ಬಿಟ್ಟೇನಿ. ಕಾರಿನ ಟಪ್ಪು ಅಂತ ಒಬ್ಬರೂ ಹೇಳಿರಲಿಲ್ಲ.

ಅಂದ್ರ ನಾ ಐದು ವರ್ಷ ಮಾವಿನ ಟೊಂಗಿ ರಿಪೇರಿ ಮಾಡಿಸಕೋತ ಕೂತಿದ್ದೆ. 9 ಲಕ್ಷದ ಮಾತು ಬಿಟ್ಟೆ. ಈಗ ಹೇಳ್ರಿ, ಏನಂತ ಬರದು ಮಾರಲಿ?

ಗೋಕುಲ ರೋಡ್ ಪಾನಾ

ಇದ್ದದ್ದು ಇದ್ದಂಗ ಬರಿ. "1954 ಮಾರಿಸ್ ಮೈನರ್, ಎರಡು ಬಾಗಲು, ಮೂಲದಾಗ ಟಪ್ ಇದ್ದದ್ದು, 1978ಕ್ಕ ಕೊಯ್ದದ್ದು. ಎಂಜಿನ್ ತಯಾರ್. ಬಲಗಡೆ ಸಿಲ್ ಹೊಸಾದು ಹಾಕಬೇಕು. ಬ್ರೇಕ್ ಇಲ್ಲ, ಓಡಿಸಿ ನೋಡಲಿಕ್ಕೆ ಕೊಡಾಂಗಿಲ್ಲ." ಮಾವಿನ ಟೊಂಗಿದೂ ಬರಿ. ಪುಟ್ಟಿ ಕೆರದು ತುಕ್ಕು ಬಯಲಿಗೆ ಇಟ್ಟು ಫೋಟೋ ಹಾಕು. ತಗೊಳ್ಳಾಂವ ಬಂದ ಮ್ಯಾಲೆ ತಾನೇ ಕಂಡುಹಿಡದ್ರ ರೇಟು ಎರಡು ಪಟ್ಟು ಮುರೀತಾನ. ಮೊದಲ ತೋರಿಸಿಬಿಟ್ರ ಮುರೀಲಿಕ್ಕೆ ಅವಗ ಏನೂ ಉಳಿಯಾಂಗಿಲ್ಲ.

ಮತ್ತ 3,80,000 ಚೀಟಿ ಯಾರಿಗೂ ತೋರಿಸಬ್ಯಾಡ. ನೀ ಖರ್ಚು ಮಾಡಿದ್ದು ನಿನ್ನ ಹವ್ಯಾಸಕ್ಕ. ಎಂಜಿನ್ ಚೀಟಿ ಅಷ್ಟು ತೋರಿಸು, ಅದು ಉಪಯೋಗದ್ದು. ಎರಡೂವರಿ ಅಂದಾಂವ ಕಳ್ಳ ಅಲ್ಲ. ಎರಡು ಸಲ ಸುತ್ತ ತಿರಗಿದ ಅಂದೆಲ್ಲ, ಅಂವ ಬಾಗಲದ ಸಂದಿ ನೋಡ್ಯಾನ.

ನಿವೃತ್ತ ಗುಮಾಸ್ತ · ಧಾರವಾಡ

ಎಲ್ಲರೂ ತಗಡಿನ ವಿಚಾರ ಮಾತಾಡುತ್ತಿದ್ದೀರಿ. ನನಗೆ ಕಾಗದದ ಚಿಂತೆ. ಆರ್‌ಸಿ ಯಾರ ಹೆಸರಿನಲ್ಲಿದೆ? ಅಜ್ಜನ ಹೆಸರಿನಲ್ಲೇ ಇದ್ದರೆ ನೀವು ಮಾರುವ ಹಾಗೆಯೇ ಇಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್. ಅಂದರೆ ನಿಮ್ಮ ದೊಡ್ಡ ಅತ್ತೆಯ ಸಹಿಯೂ ಬೇಕು. ಆಮೇಲೆ ಮಾರುವಾಗ ನಿಮ್ಮ ಕಡೆಯಿಂದ ಫಾರಂ 29, ಕೊಳ್ಳುವವರ ಕಡೆಯಿಂದ ಫಾರಂ 30.

ಖಾಲಿ ಫಾರಂ ಮೇಲೆ ಸಹಿ ಹಾಕಿ ಕೊಟ್ಟು ಕೈತೊಳೆದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬ್ರೇಕ್ ಇಲ್ಲದ ಗಾಡಿ ನಿಮ್ಮ ಅಜ್ಜನ ಹೆಸರಿನಲ್ಲಿ ಗೋವಾದಲ್ಲಿ ಓಡಾಡುವುದು ಬೇಡ.

ಇನ್ನು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ನಿಮ್ಮದು ವಯಸ್ಸಿನಲ್ಲಿ ಪಾಸು, ಟಪ್ಪಿನಲ್ಲಿ ನಪಾಸು. ಕೊಳ್ಳುವವರಿಗೆ ಇದನ್ನೂ ಹೇಳಿಬಿಡಿ.

ಮಾಳಮಡ್ಡಿ ಮೊಮ್ಮಗ

ಗುಮಾಸ್ತರೇ, ಹೌದು, ಅಜ್ಜನ ಹೆಸರಿಲೇ ಅದ. ಅಪ್ಪನೂ ಮಾಡಿಸಲಿಲ್ಲ. ಅತ್ತಿ ಸಹಿ ಮಾಡತಾಳ, ಆದ್ರ ಅಕಿದೊಂದು ಶರ್ತು ಅದ, ಆಮ್ಯಾಲೆ ಹೇಳತೇನಿ.

ಏಲಕ್ಕಿ ಹಾರ · ಹಾವೇರಿ

ನಾನು ಮೂರು ದಿನದಿಂದ ಓದಾಕ ಹತ್ತೀನ್ರಿ, ಈಗ ಬಾಯಿ ಬಿಡತೀನಿ.

ನಮ್ಮ ಹೊಲದಾಗ, ಬ್ಯಾಡಗಿ ಕಡೆ, ಹುಣಸಿ ಗಿಡದ ಕೆಳಗ ಒಂದು ಮೈನರ್ ಐತ್ರಿ. ಎರಡು ಬಾಗಲದ್ದೇ. ಎಂಜಿನ್ ಎಂದೋ ಹೋತು. ನೆಲ ಅಂತೂ ಇಲ್ಲವೇ ಇಲ್ಲ, ಒಳಗ ಎಕ್ಕಿ ಗಿಡ ಬೆಳದು ಕಿಡಕ್ಯಾಗ ಹಾದು ಹೊರಗ ಬಂದೈತಿ. ಹುಡುಗರು ಬ್ಯಾಡಗಿ ಮೆಣಸಿನಕಾಯಿ ಚೀಲ ಅದರ ಮ್ಯಾಲೆ ಒಣಾಕ ಹಾಕತಾರ. ಆದ್ರ ಟಪ್ಪು ಮಾತ್ರ ಗಟ್ಟಿ, ನಿನ್ನೆ ಹೋಗಿ ಮ್ಯಾಗ್ನೆಟ್ ಹಚ್ಚಿ ನೋಡೀನಿ, ಮೂಲಿ ಮೂಲಿಗೆ ಹಿಡದೈತಿ. ಕಂಬ ಸಮೇತ ಕೊಯ್ದು ನಿಮ್ಮ ಗಾಡಿಗೆ ಕೂಡಿಸಿದ್ರ ಹೆಂಗ?

ಗಾಡಿ ನಾ ತಗೋತೀನಿ. ಹುಡ್ಡಿಲ್ಲದ ಶೋಕಿ ನನಗ ಬ್ಯಾಡ, ನಮ್ಮ ಕಡೆ ಧೂಳು ಭಾಳ. ಮೂರು ಲಕ್ಷ ಹತ್ತು ಸಾವಿರ.

ಗೋಕುಲ ರೋಡ್ ಪಾನಾ

ಇದು ಮಾತು! ಪಟ್ಟಿ ಮ್ಯಾಲೆ ಬಿ ಅಂತ ಐತಿ, ಗಾಡಿನೂ ಬಿ ಆಗಲಿ. ಟಪ್ಪು ಕೂತ್ರ ಅರ್ಧಾ ಬಲ ತಿರಗಿ ಬರತೈತಿ. ಆದ್ರ ಹಾರದವರ, ಸಿಲ್ಲು ಮೊದಲ. ಗಾಡಿ ಮಟ್ಟಸ ಜಾಗಾದಾಗ ಸ್ಟ್ಯಾಂಡಿಗೆ ಏರಿಸಿ, ಬಾಗಲದ ಜಾಗಾಕ್ಕ ಅಡ್ಡ ಆಂಗಲ್ ವೆಲ್ಡ್ ಹೊಡದು ಸಂದಿ ಬರೊಬ್ಬರಿ ಮಾಡಿಕೊಂಡು, ಆಮ್ಯಾಲೆ ಹಳೇ ಸಿಲ್ ಕೊಯ್ಯಬೇಕು. ಕುಸದ ಗಾಡಿಗೆ ಟಪ್ ಕೂಡಿಸಿದ್ರ ಕುಸದಂಗೇ ಖಾಯಂ ಆಗತೈತಿ.

ನಿವೃತ್ತ ಗುಮಾಸ್ತ

ಒಂದೇ ಮಾತು. ಹುಣಸೆ ಗಿಡದ ಕೆಳಗಿನ ಗಾಡಿಯ ನಂಬರ್ ಪಟ್ಟಿ ಕಿತ್ತು ಇದಕ್ಕೆ ಬಡಿಯುವುದು, ಇದರದ್ದು ಅದಕ್ಕೆ ಬಡಿಯುವುದು, ಅದೆಲ್ಲ ಮಾಡಬೇಡಿ. ಟಪ್ಪು ಬರಬಹುದು, ಗುರುತು ಬರಬಾರದು. ವಿಎ ನಂಬರಿಗೆ ಹೋಗುವುದಾದರೆ ತಪಾಸಣೆ ಮಾಡುವವರಿಗೆ ನಡೆದದ್ದನ್ನೆಲ್ಲ ತಿಳಿಸಿ, ಅವರು ಏನು ಹೇಳುತ್ತಾರೋ ಅದೇ.

ಸಿಲಿಕಾನ್ ಸವಾರ

ಕನ್ವರ್ಟಿಬಲ್ ಹೋಗಿ ಡಬ್ಬ ಆಗ್ತಾ ಇದೆ, ನೀವೆಲ್ಲ ಖುಷಿ ಪಡ್ತಾ ಇದೀರ. ನಿಮ್ಮ ಊರು ನನಗೆ ಅರ್ಥ ಆಗಲ್ಲ ಬಿಡಿ.

ಸಾಧನಕೇರಿ ಅಕ್ಕ

ಜೂನಿನಾಗ ಬಂದು ಎರಡು ದಿವಸ ಇರು, ಅರ್ಥ ಆಗತದ.

ಅತ್ತಿ ಶರ್ತು ಏನೋ ತಮ್ಮಾ?

ಮಾಳಮಡ್ಡಿ ಮೊಮ್ಮಗ

ಹೇಳತೇನಿ. ಅತ್ತಿಗೆ ಗಾಡಿಯ ಎಡಗಡೆ ಕಿವಿ ಬೇಕಂತ. ಅಂದ್ರ ಬಾಗಲದ ಹಿಂದಿನ ಕಂಬದೊಳಗಿಂದ ಹೊರಗ ಬರೋ ಕೆಂಪು ಇಂಡಿಕೇಟರ್ ಕೈ. ಅಜ್ಜ ಓಡಿಸೂವಾಗ ಅದು ಹೊರಗ ಬಂದು ಮತ್ತ ಒಳಗ ಹೋಗಲಾರದ ಸಿಕ್ಕೊಂಡ್ರ, ಹಿಂದ ಕೂತ ಅತ್ತಿ ಕೈ ಹೊರಗ ಹಾಕಿ ಬಡೀಬೇಕಿತ್ತಂತ. ಅದು ಅಕಿ ಕೆಲಸ. ಅದೊಂದು ಬಿಚ್ಚಿ ಕೊಟ್ರ ಯಾವ ಕಾಗದಕ್ಕ ಬೇಕಾದ್ರೂ ಸಹಿ ಅಂದಾಳ.

ಹಾರದವರೇ, ಎಡಗಡೆದ್ದು ನಿಮ್ಮ ಹುಣಸಿ ಗಿಡದ ಗಾಡಿಯೊಳಗ ಇದ್ರ ಹಾಕಿಕೋರಿ. 3,25,000 ಮಾಡ್ರಿ, ಹುಡ್ಡಿನ ಕಮಾನು ಎರಡೂ ಹಂಗೇ ಕೊಡತೇನಿ, ದ್ರಾಕ್ಷಿ ಬಳ್ಳಿಗೆ ಚಪ್ಪರ ಆಗತಾವ. ಕಾಗದ ಆಗೂ ತನಕಾ ಗಾಡಿ ಇಲ್ಲೇ ಇರತದ.

ಏಲಕ್ಕಿ ಹಾರ

ಐತ್ರಿ, ಎರಡೂ ಕಿವಿ ಅದಾವ, ದೀಪ ಇಲ್ಲ ಅಷ್ಟ. 3,20,000. ಇದರ ಮ್ಯಾಲೆ ಒಂದು ರೂಪಾಯಿನೂ ಇಲ್ಲ. ನಮ್ಮ ಅತ್ತಿಗೂ ಕೇಳಬೇಕಲ್ರಿ ನಾನು.

ಮಾಳಮಡ್ಡಿ ಮೊಮ್ಮಗ

ಆತು. ಲೈನ್ ಬಜಾರಿಂದ ಪೇಢೇದ ಡಬ್ಬಿ ತಂದಿಟ್ಟಿರತೇನಿ. ನಾಡಕಚೇರಿಗೆ ಸೋಮವಾರ ಹೊಂಟೇನಿ.

ಗೋಕುಲ ರೋಡ್ ಪಾನಾ

ಒಯ್ಯೂ ದಿವಸಕ್ಕ ಒಂದು ಮಾತು, ಇಬ್ಬರೂ ಬರದಿಟ್ಟುಕೋರಿ. ಹಗ್ಗ ಕಟ್ಟಿ ಎಳಕೊಂಡು ಹೋಗಬ್ಯಾಡ್ರಿ, ಬ್ರೇಕ್ ಇಲ್ಲ. ಸಪಾಟ ಟ್ರಕ್ ತರ್ರಿ. ಹತ್ತಿಸೂವಾಗ ಎರಡೂ ಬಾಗಲಾ ಮುಚ್ಚಿ, ಒಳಗಿಂದ ಒಂದರಿಂದ ಇನ್ನೊಂದಕ್ಕ ಹಗ್ಗ ಬಿಗದು ಕಟ್ಟ್ರಿ. ಬಾಗಲಾ ತಗದಿಟ್ಟು ಎತ್ತಿದ್ರ ಹಾವೇರಿಗೆ ಹೋದ ಮ್ಯಾಲೆ ಅವು ಮುಚ್ಚಾಂಗಿಲ್ಲ. ಜ್ಯಾಕ್ ನಡುವಿನ ಅಡ್ಡಪಟ್ಟಿಗೆ ಹಚ್ಚಬ್ಯಾಡ್ರಿ, ನಾಲ್ಕೂ ಗಾಲಿ ಹಿಡದು ಉರುಳಿಸಿ ಏರಿಸ್ರಿ. ಹತ್ತು ಮಂದಿ ಸಾಕು. ನಾನೂ ಬರತೀನಿ, ಗಣಪತಿ ಮ್ಯಾಗ್ನೆಟ್ ನೋಡಬೇಕಾಗೈತಿ.